ಮಾತಾಡುವ ಮುಖ: ಉಚ್ಚಾರಣೆಯ ಚಲನಗ್ರಹಣವೂ ರಾಯಚೂರು ಸೀಮೆಯ ಕನ್ನಡವೂ

೧

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಿಂದ ಪ್ರಸಿದ್ಧವಾದ ಊರು. ಆ ಸುತ್ತಿನ ಎರೆಭೂಮಿ ಹತ್ತಿಯ ಬೆಳೆಗೆ ಹೆಸರಾದುದು. ಹತ್ತಿ, ಹಟ್ಟಿ ಎಂಬ ಈ ಎರಡು ಮಾತುಗಳಿಗೆ ಬರಹದಲ್ಲಿ ಒಂದು ಅಕ್ಷರದ ಭೇದ, ಕಿವಿಗೆ ಒಂದು ಧ್ವನಿಯ ಭೇದ. ಆದರೆ ಧ್ವನಿಯನ್ನು ಕೇಳದೆ, ಆಡುವವನ ಮುಖವನ್ನು ಮಾತ್ರ ನೋಡಿದರೆ, ಅವನು ಹೇಳಿದುದು ಹತ್ತಿಯೋ ಹಟ್ಟಿಯೋ ಎಂದು ನಿರ್ಣಯಿಸುವುದು ಬಹು ಕಷ್ಟ. ವಾಚಕರು ಕನ್ನಡಿಯ ಮುಂದೆ ನಿಂತು ತಾವೇ ಪರೀಕ್ಷಿಸಿ ನೋಡಬಹುದು. ತುಟಿಗಳು ಎರಡು ಮಾತಿಗೂ ಒಂದೇ ರೀತಿಯಾಗಿ ತೆರೆಯುತ್ತವೆ, ಕೆನ್ನೆ ಅಲ್ಲಾಡುವುದಿಲ್ಲ, ಭೇದವೆಲ್ಲವೂ ಹಲ್ಲುಗಳ ಹಿಂದೆ, ನಾಲಗೆಯ ತುದಿಯಲ್ಲಿ ನಡೆದುಹೋಗುತ್ತದೆ. ಇದಕ್ಕೆ ವಿರುದ್ಧವಾಗಿ, ಬೇಡ ಎಂಬ ಮಾತನ್ನು ಆ ಸೀಮೆಯವರು ಬ್ಯಾಡ ಎನ್ನುವಾಗ ದವಡೆ ಕೆಳಗಿಳಿಯುವುದು ದೂರದಿಂದಲೇ ಕಾಣುತ್ತದೆ.

ಹೀಗೆ ಮಾತಿನ ಕೆಲವು ಭೇದಗಳು ಮುಖದಲ್ಲಿ ತೋರುತ್ತವೆ; ಕೆಲವು ಬಾಯೊಳಗೆ ಅಡಗಿರುತ್ತವೆ. ತೋರುವುದು ಯಾವುದು, ಅಡಗುವುದು ಯಾವುದು, ಎರಡನ್ನೂ ಅಳೆಯುವ ಬಗೆ ಹೇಗೆ, ಆ ಅಳತೆಯಿಂದ ಕನ್ನಡದ ಅಧ್ಯಾಪಕನಿಗೆ ಆಗುವ ಪ್ರಯೋಜನವೇನು, ಎಂಬಿವನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ತಾಲ್ಲೂಕುಗಳ ಮಾತನ್ನು ಮುಂದಿಟ್ಟುಕೊಂಡು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಪ್ರಯೋಜನದ ಮಾತು ಬಂದುದರಿಂದ ಒಂದು ವಿಷಯವನ್ನು ಮೊದಲೇ ಅರಿಕೆ ಮಾಡುವುದು ತಕ್ಕುದು. ಈ ಸೀಮೆಯ ಮಕ್ಕಳು ಮನೆಯಲ್ಲಿ ಮನಿ, ಸಾಲಿ, ಮ್ಯಾಲ, ಬ್ಯಾಡ ಎಂಬ ರೂಪಗಳನ್ನು ಕಲಿತು ಶಾಲೆಗೆ ಬರುತ್ತಾರೆ. ಅಲ್ಲಿ ಅವು ಅಶುದ್ಧವೆನಿಸಿಕೊಳ್ಳುತ್ತವೆ. ಗ್ರಂಥಭಾಷೆಯನ್ನು ಕಲಿಸುವುದು ಶಾಲೆಯ ಧರ್ಮವೇ ಸರಿ, ಅದರಲ್ಲಿ ವಿವಾದವಿಲ್ಲ. ಆದರೆ ಮಗುವಿನ ನಾಲಗೆ ವಸ್ತುತಃ ಏನು ಮಾಡಿತು, ಅಧ್ಯಾಪಕನ ಕಿವಿ ಏನೆಂದು ಊಹಿಸಿಕೊಂಡಿತು, ಇವೆರಡೂ ಒಂದೇ ಅಲ್ಲ. ಅವುಗಳ ನಡುವಣ ಅಂತರವನ್ನು ತಿಳಿಯದೆ ಶುದ್ಧಾಶುದ್ಧಗಳ ತೀರ್ಪನ್ನು ಕೊಡುತ್ತ ಬಂದಿದ್ದೇವೆ. ಆ ಅಂತರವನ್ನು ಅಳೆದು ತೋರಿಸಬಲ್ಲ ಸಾಧನ ಈಗ ಕೈಗೆ ಬಂದಿದೆ.

೨

ಉಚ್ಚಾರಣೆಯನ್ನು ಶರೀರದ ವ್ಯಾಪಾರವೆಂದು ತಿಳಿದು ಶೋಧಿಸಿದವರಲ್ಲಿ ನಮ್ಮ ಪೂರ್ವಿಕರು ಅಗ್ರಗಣ್ಯರು. ಧ್ವನಿ ಹುಟ್ಟುವ ಎಡೆಗೆ ಸ್ಥಾನವೆಂದೂ, ಆ ಎಡೆಯನ್ನು ಹೋಗಿ ಮುಟ್ಟುವ ಅಂಗಕ್ಕೆ ಕರಣವೆಂದೂ ಹೆಸರಿಟ್ಟು ಅವರು ವರ್ಣಗಳನ್ನು ವಿಂಗಡಿಸಿದರು. ಈ ಎರಡರಲ್ಲಿ ಸ್ಥಾನ ಅಚಲ, ಕರಣ ಚಲ. ಆದುದರಿಂದ ವರ್ಣವೊಂದು ಚಲನೆಯ ಫಲವೆಂಬ ಅರಿವು ಆ ವಿಂಗಡಣೆಯಲ್ಲಿಯೇ ಅಡಕವಾಗಿದೆ. ತೈತ್ತಿರೀಯ ಪ್ರಾತಿಶಾಖ್ಯವು ಟವರ್ಗವನ್ನು ಹೇಳುವಾಗ ನಾಲಗೆಯ ತುದಿಯನ್ನು ಹಿಂದಕ್ಕೆ ಸುತ್ತಿ ಮೂರ್ಧಸ್ಥಾನದಲ್ಲಿ ಮುಟ್ಟಿಸಬೇಕೆಂದು ವಿಧಿಸುತ್ತದೆ. ಕನ್ನಡದಲ್ಲಿ ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಮೊದಲಲ್ಲಿಯೇ ಶಬ್ದದ ಉತ್ಪತ್ತಿಯನ್ನು ಎತ್ತಿಕೊಂಡು, ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯ ಬಲದಿಂದ, ನಾಭಿಮೂಲದಲ್ಲಿ ಅದು ಕಹಳೆಯ ರೀತಿಯಾಗಿ ಹುಟ್ಟುತ್ತದೆ ಎನ್ನುತ್ತಾನೆ. ಇಚ್ಛೆ, ಗಾಳಿ, ನಳಿಕೆ ಎಂಬ ಮೂರನ್ನೂ ಒಂದೇ ಉಪಮಾನದಲ್ಲಿ ಕೂಡಿಸಿದ ಆ ಮಾತನ್ನು ಇಂದಿನ ಧ್ವನಿಶಾಸ್ತ್ರಜ್ಞನೂ ಗೌರವಿಸುವನು. ಸಿದ್ಧೇಶ್ವರ ವರ್ಮರು ೧೯೨೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರಾಚೀನ ಭಾರತೀಯ ವೈಯಾಕರಣರ ಇಂಥ ಧ್ವನಿವೀಕ್ಷಣೆಗಳನ್ನು ವಿಸ್ತಾರವಾಗಿ ವಿಮರ್ಶಿಸಿದ್ದಾರೆ.

ಪ್ರಾಚೀನರಿಗೆ ಇದ್ದ ಸಾಧನವೆಂದರೆ ತಮ್ಮ ಬಾಯಿ, ತಮ್ಮ ಕಿವಿ. ತನ್ನ ನಾಲಗೆ ಎಲ್ಲಿ ಮುಟ್ಟುತ್ತದೆ ಎಂಬುದನ್ನು ಮನುಷ್ಯನು ಸ್ಪರ್ಶದಿಂದ ತಿಳಿಯಬಲ್ಲನು. ಆದರೆ ಮುಟ್ಟುವುದಕ್ಕೆ ಮುಂಚೆ ಅದು ಬಂದ ದಾರಿ, ಮುಟ್ಟಿದ ಮೇಲೆ ಜಾರಿದ ದೂರ, ಬಿಟ್ಟು ಹೊರಟ ವೇಗ, ಇವು ಸ್ವಾನುಭವಕ್ಕೆ ಸಿಕ್ಕುವುದಿಲ್ಲ. ಅದು ಹೇಗೆಂದರೆ, ರಕಾರದಲ್ಲಿ ನಾಲಗೆಯ ಒಂದು ತಾಡನ ಸುಮಾರು ಒಂದು ಸೆಕೆಂಡಿನ ನಾಲ್ವತ್ತನೆಯ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. ಅಷ್ಟು ಅಲ್ಪಕಾಲದ ಕ್ರಿಯೆಯನ್ನು ಹಿಡಿದು ನಿಲ್ಲಿಸಲು ಯಂತ್ರವೇ ಬೇಕು.

೩

ಆ ಯಂತ್ರದ ಚರಿತ್ರೆ ಫ್ರಾನ್ಸಿನಲ್ಲಿ ಆರಂಭವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎತಿಯೆನ್ ಜೂಲ್ ಮಾರೇ ಎಂಬ ಶರೀರಶಾಸ್ತ್ರಜ್ಞನು ಹಕ್ಕಿಯ ಹಾರಾಟವನ್ನೂ ಮನುಷ್ಯನ ನಡಗೆಯನ್ನೂ ಕ್ಷಣಕ್ಷಣಕ್ಕೆ ತೆಗೆದ ಛಾಯಾಚಿತ್ರಗಳ ಮಾಲೆಯಾಗಿ ವಿಶ್ಲೇಷಿಸಿದನು. ಅವನ ಸಹಾಯಕನಾದ ಜಾರ್ಜ್ ದೆಮೆನಿ ೧೮೯೧ರಲ್ಲಿ ಅದೇ ವಿಧಾನವನ್ನು ಮಾತಾಡುವ ಮುಖಕ್ಕೆ ಅನ್ವಯಿಸಿ, ತಾನೇ ಕ್ಯಾಮರಾದ ಮುಂದೆ ಕುಳಿತು, ಒಂದೆರಡು ಸಣ್ಣ ಫ್ರೆಂಚ್ ವಾಕ್ಯಗಳನ್ನು ಆಡುತ್ತ ತನ್ನ ತುಟಿಗಳ ಚಿತ್ರಮಾಲೆಯನ್ನು ತೆಗೆಯಿಸಿದನು. ಅವನ ಉದ್ದೇಶ ವಿನೋದವಾಗಿರಲಿಲ್ಲ. ಕಿವುಡರಾದ ಮಕ್ಕಳಿಗೆ ತುಟಿಯ ಚಲನೆಯಿಂದ ಮಾತನ್ನು ಓದಲು ಕಲಿಸುವುದಾಗಿತ್ತು. ಮುಖಚಲನೆಯ ಶೋಧನೆ ಹುಟ್ಟಿದಂದೇ ವಿದ್ಯಾಭ್ಯಾಸದ ಕಾರ್ಯಕ್ಕೆ ಸೇರಿದುದಾಗಿತ್ತು ಎಂಬುದನ್ನು ಅಧ್ಯಾಪಕರು ಗಮನಿಸಬೇಕು. ಅದೇ ಕಾಲದಲ್ಲಿ ರೂಸೆಲೋ ಎಂಬ ಪಾದ್ರಿಯು ಕೃತಕ ಅಂಗುಳವೇ ಮೊದಲಾದ ಉಪಕರಣಗಳಿಂದ ಪ್ರಾಯೋಗಿಕ ಧ್ವನಿಶಾಸ್ತ್ರವನ್ನು ಬೆಳೆಸಿದನು. ಸಣ್ಣ ಪುಡಿಯನ್ನು ಸವರಿದ ಅಂಗುಳದ ಅಚ್ಚನ್ನು ಬಾಯಲ್ಲಿಟ್ಟು ಒಂದು ವರ್ಣವನ್ನು ಉಚ್ಚರಿಸಿದರೆ ನಾಲಗೆ ಮುಟ್ಟಿದ ಎಡೆಯಲ್ಲಿ ಪುಡಿ ಅಳಿಸಿರುತ್ತದೆ. ಇದು ಸ್ಥಾನವನ್ನು ತೋರಿಸುತ್ತದೆ, ಚಲನೆಯನ್ನು ತೋರಿಸುವುದಿಲ್ಲ.

ಈಗ ಮೋಷನ್ ಕ್ಯಾಪ್ಚರ್ ಎಂದು ಪ್ರಸಿದ್ಧವಾಗಿರುವ ವಿಧಾನವನ್ನು ನಾವು ಚಲನಗ್ರಹಣವೆಂದು ಕರೆಯಬಹುದು. ಚಲನಚಿತ್ರಗಳಲ್ಲಿ ನಟನ ಅಭಿನಯವನ್ನು ಚಿತ್ರಿತವಾದ ಪಾತ್ರಕ್ಕೆ ವರ್ಗಾಯಿಸಲು ಇದನ್ನು ಬಳಸುವುದು ಎಲ್ಲರೂ ಕೇಳಿದ ವಿಷಯ. ಧ್ವನಿಶಾಸ್ತ್ರದಲ್ಲಿ ಇದರ ತತ್ತ್ವ ಸರಳವಾದುದು. ಬೆಳಕನ್ನು ಹಿಂದಿರುಗಿಸುವ ಸಣ್ಣ ಗುಂಡುಗಳನ್ನು ಮೇಲ್ದುಟಿ, ಕೆಳದುಟಿ, ಬಾಯಿಯ ಎರಡು ಕೊನೆಗಳು, ಗಲ್ಲ, ಕೆನ್ನೆ, ಹುಬ್ಬು ಇವುಗಳ ಮೇಲೆ ಅಂಟಿಸುತ್ತಾರೆ. ಸುತ್ತಲೂ ಇರಿಸಿದ ಹಲವು ಕ್ಯಾಮರಾಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಬೆಳಕಿನಲ್ಲಿ ಆ ಗುಂಡುಗಳನ್ನು ಮಾತ್ರ ನೋಡುತ್ತವೆ. ಒಂದೇ ಗುಂಡನ್ನು ಬೇರೆಬೇರೆ ಕೋನಗಳಿಂದ ಎರಡು ಅಥವಾ ಹೆಚ್ಚು ಕ್ಯಾಮರಾಗಳು ಕಂಡರೆ, ಅದು ಇರುವ ಎಡೆಯನ್ನು ಉದ್ದ, ಅಗಲ, ಎತ್ತರಗಳೆಂಬ ಮೂರು ಅಳತೆಗಳಲ್ಲಿ ಗಣಿತವು ನಿರ್ಣಯಿಸುತ್ತದೆ. ಭೂಮಾಪಕರು ಎರಡು ಎಡೆಗಳಿಂದ ನೋಡಿ ದೂರದ ಬೆಟ್ಟದ ಸ್ಥಾನವನ್ನು ಗೊತ್ತುಮಾಡುವ ಕ್ರಮವೇ ಇದು. ಸಾಧಾರಣ ಚಲಚ್ಚಿತ್ರದಲ್ಲಿ ಸೆಕೆಂಡಿಗೆ ೨೫ ಚಿತ್ರಗಳಾದರೆ ಎರಡು ಚಿತ್ರಗಳ ನಡುವೆ ೪೦ ಮಿಲಿಸೆಕೆಂಡುಗಳು ಜಾರಿಹೋಗುತ್ತವೆ; ಮೇಲೆ ಹೇಳಿದ ರಕಾರದ ತಾಡನ ಆ ಸಂದಿನಲ್ಲಿ ಕಾಣದೆಯೇ ಹೋಗಬಹುದು. ಸೆಕೆಂಡಿಗೆ ೨೦೦ ಚಿತ್ರಗಳಾದರೆ ಆ ಸಂದು ೫ ಮಿಲಿಸೆಕೆಂಡಿಗೆ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಮಾತಾಡುವವನು ತಲೆಯನ್ನು ಅಲ್ಲಾಡಿಸದೆ ಇರಲಾರನು. ತಲೆ ಮೇಲಕ್ಕೆದ್ದರೆ ತುಟಿಯೂ ಮೇಲಕ್ಕೇಳುತ್ತದೆ; ಅದು ತುಟಿಯ ಚಲನೆಯಲ್ಲ. ಆದುದರಿಂದ ಮಾತಿನಲ್ಲಿ ತಾವಾಗಿ ಚಲಿಸದ ಎಡೆಗಳಲ್ಲಿ, ಎಂದರೆ ಮೂಗಿನ ಬುಡದಲ್ಲಿಯೂ ಕಿವಿಗಳ ಹಿಂದಿನ ಎಲುಬಿನ ಮೇಲೂ, ಬೇರೆ ಗುರುತುಗಳನ್ನಿಟ್ಟು, ತಲೆಯ ಚಲನೆಯನ್ನು ಲೆಕ್ಕದಿಂದ ಕಳೆದುಬಿಡುತ್ತಾರೆ. ಉಳಿದುದೇ ಮುಖದ ಸ್ವಂತ ಚಲನೆ.

೪

ಹೀಗೆ ಅಳೆದ ಮುಖ ಮಾತಿನ ವಿಷಯವಾಗಿ ಎಷ್ಟನ್ನು ಹೇಳುತ್ತದೆ? ಸಾಮಾನ್ಯರು ಎಣಿಸುವುದಕ್ಕಿಂತ ಬಹಳ ಹೆಚ್ಚು. ಗದ್ದಲದ ನಡುವೆ ಮಾತಾಡುವವನ ಮುಖ ಕಾಣುತ್ತಿದ್ದರೆ ಮಾತು ಹೆಚ್ಚು ತಿಳಿಯುತ್ತದೆ ಎಂಬುದನ್ನು ಸಂಬಿ, ಪೊಲಾಕ್ ಎಂಬಿಬ್ಬರು ೧೯೫೪ರಲ್ಲಿಯೇ ಪ್ರಯೋಗದಿಂದ ತೋರಿಸಿದರು. ೧೯೭೬ರಲ್ಲಿ ಮೆಗರ್ಕ್, ಮ್ಯಾಕ್‌ಡೊನಾಲ್ಡ್ ಎಂಬವರು ಪ್ರಕಟಿಸಿದ ಪ್ರಯೋಗ ಇನ್ನೂ ವಿಚಿತ್ರವಾದುದು. ಬಾಯಿ ಗ ಎಂದು ಆಡುವ ಚಿತ್ರಕ್ಕೆ ಬ ಎಂಬ ಧ್ವನಿಯನ್ನು ಜೋಡಿಸಿ ತೋರಿಸಿದಾಗ, ನೋಡಿದ ಹೆಚ್ಚಿನವರಿಗೆ ಬ ಕೇಳಿಸಲಿಲ್ಲ, ಗ ಕೂಡ ಕೇಳಿಸಲಿಲ್ಲ. ಎರಡೂ ಅಲ್ಲದ ದ ಕೇಳಿಸಿತು. ಕಣ್ಣನ್ನು ಮುಚ್ಚಿದೊಡನೆ ಬ ಕೇಳಿಸಿತು. ಕಿವಿ ಕೇಳುತ್ತದೆ ಎಂದು ನಾವು ನಂಬಿದ್ದರಲ್ಲಿ ಕಣ್ಣಿನ ಪಾಲು ಎಷ್ಟೆಂಬುದು ಇದರಿಂದ ವ್ಯಕ್ತವಾಗುತ್ತದೆ. ೧೯೯೬ರಲ್ಲಿ ರೋಸೆನ್‌ಬ್ಲಮ್ ಮತ್ತು ಅವರ ಸಂಗಡಿಗರು ಕತ್ತಲೆಯಲ್ಲಿ ಮುಖದ ಮೇಲಿನ ಹೊಳೆಯುವ ಬಿಂದುಗಳನ್ನು ಮಾತ್ರ ತೋರಿಸಿದರು. ಮುಖದ ಆಕೃತಿ ಕಾಣದಿದ್ದರೂ ಬಿಂದುಗಳ ಚಲನೆಯೊಂದರಿಂದಲೇ ಗದ್ದಲದಲ್ಲಿ ಮಾತನ್ನು ತಿಳಿಯಲು ಸಹಾಯವಾಯಿತು.

ಈ ವಿಷಯದಲ್ಲಿ ಅತ್ಯಂತ ಮುಖ್ಯವಾದ ಲೆಕ್ಕವನ್ನು ೧೯೯೮ರಲ್ಲಿ ಯೆಹಿಯಾ, ರೂಬಿನ್, ವಾಟಿಕಿಯೋಟಿಸ್ ಬೇಟ್ಸನ್ ಎಂಬ ಮೂವರು ಕೊಟ್ಟರು. ಅವರು ಇಬ್ಬರು ವಕ್ತೃಗಳ ಮುಖದ ಚಲನೆಯನ್ನೂ ಬಾಯೊಳಗಿನ ಚಲನೆಯನ್ನೂ ಅಳೆದು ಎರಡನ್ನೂ ಹೋಲಿಸಿದರು. ಬಾಯೊಳಗಿನ ಚಲನೆ ಗೊತ್ತಿದ್ದರೆ ಮುಖಚಲನೆಯ ವ್ಯತ್ಯಾಸಗಳಲ್ಲಿ ಶೇಕಡ ೯೧ ಪಾಲನ್ನು ಲೆಕ್ಕದಿಂದ ಪಡೆಯಬಹುದೆಂದು ಕಂಡುಬಂದಿತು. ಇದಕ್ಕೆ ಪ್ರತಿಯಾಗಿ ಮುಖದಿಂದ ಬಾಯೊಳಗನ್ನು ಊಹಿಸಿದರೆ ಸುಮಾರು ಶೇಕಡ ೮೦ ಪಾಲು ದೊರೆಯಿತು. ಮುಖದ ಚಲನೆ ಮಾತಿಗೆ ಸೇರಿಸಿದ ಅಲಂಕಾರವಲ್ಲ, ಮಾತನ್ನು ಉಂಟುಮಾಡುವ ಕ್ರಿಯೆಯದೇ ಹೊರಗಣ ತುದಿ ಎಂಬ ಸಿದ್ಧಾಂತ ಇದರಿಂದ ದೃಢವಾಯಿತು.

ಆದರೆ ಶೇಕಡ ೮೦ ಎಂಬ ಸಂಖ್ಯೆಯನ್ನು ಕನ್ನಡದವರು ಎಚ್ಚರಿಕೆಯಿಂದ ಓದಬೇಕು. ಅದು ಇಬ್ಬರ ಮಾತಿನ ಲೆಕ್ಕ. ಅವರು ಆಡಿದುದು ಕನ್ನಡವಲ್ಲ. ಮೇಲಾಗಿ, ಚಲನೆಯ ಒಟ್ಟು ಪ್ರಮಾಣದಲ್ಲಿ ಅಲ್ಪವಾದ ಭಾಗ ಅರ್ಥದ ದೃಷ್ಟಿಯಿಂದ ಅಲ್ಪವೆಂದು ತಿಳಿಯಕೂಡದು. ಕನ್ನಡದಲ್ಲಿ ತ, ಟ, ನ, ಣ, ಲ, ಳ ಎಂಬ ಜೋಡಿಗಳ ಮೇಲೆ ನೂರಾರು ಶಬ್ದಗಳ ಅರ್ಥ ನಿಂತಿದೆ. ಕಲ್ಲು, ಕಳ್ಳು, ಕತ್ತೆ, ಕಟ್ಟೆ, ಬೆಲೆ, ಬೆಳೆ ಇವನ್ನು ನೆನೆದರೆ ಸಾಕು. ಮುಖದಿಂದ ತಿಳಿಯದೆ ಉಳಿಯುವ ಪಾಲಿನಲ್ಲಿಯೇ ಈ ಭೇದಗಳೆಲ್ಲ ಸೇರಿಹೋಗುವ ಸಂಭವವುಂಟು.

ತುಟಿಯನ್ನು ನೋಡಿ ಮಾತನ್ನು ಓದುವ ಕಿವುಡ ಮಗುವಿನ ಕಷ್ಟ ಇಲ್ಲಿ ನಮಗೆ ಮನವರಿಕೆಯಾಗುತ್ತದೆ. ಪಾಡು, ಬಾಡು, ಮಾಡು ಎಂಬ ಮೂರೂ ಆ ಮಗುವಿಗೆ ಒಂದೇ ಮಾತು. ಏಕೆಂದರೆ ನಾದವೂ ಅನುನಾಸಿಕತೆಯೂ ಗಂಟಲು ಮೂಗುಗಳಲ್ಲಿ ಆಗುವುವೇ ಹೊರತು ತುಟಿಯಲ್ಲಿ ಅಲ್ಲ. ಬೆಲೆ, ಬೆಳೆಗಳೂ ಅದಕ್ಕೆ ಒಂದೇ. ಯಾವ ಯಾವ ವರ್ಣಗಳು ಮುಖದಲ್ಲಿ ಒಂದಾಗಿ ಕಾಣುತ್ತವೆ ಎಂಬ ಪಟ್ಟಿಯನ್ನು ಇಂಗ್ಲಿಷಿನಿಂದ ಎರವಲು ತಂದರೆ ಸಾಲದು. ಕನ್ನಡದ ಮುಖವನ್ನೇ ಅಳೆದು ಮಾಡಬೇಕು.

೫

ಬಾಯೊಳಗನ್ನು ನೋಡುವುದಕ್ಕೆ ಬೆಳಕಿನ ಕ್ಯಾಮರಾ ಸಾಲದು. ಮೊದಲು ಇದಕ್ಕೆ ಎಕ್ಸ್-ಕಿರಣಗಳನ್ನು ಬಳಸುತ್ತಿದ್ದರು. ಲ್ಯಾಡಿಫೋಗೆಡ್ ಮತ್ತು ಪೇರಿ ಭಾಸ್ಕರರಾವ್ ಎಂಬ ವಿದ್ವಾಂಸರು ಹಿಂದಿ, ತಮಿಳು, ತೆಲುಗುಗಳ ಮೂರ್ಧನ್ಯಗಳನ್ನು ಹಾಗೆ ಶೋಧಿಸಿ, ೧೯೮೩ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಒಂದೇ ಟಕಾರದಿಂದ ಬರೆಯುವ ಧ್ವನಿ ಎಲ್ಲ ಭಾಷೆಗಳಲ್ಲಿಯೂ ಒಂದೇ ಅಲ್ಲ. ತಮಿಳು ತೆಲುಗುಗಳಲ್ಲಿ ನಾಲಗೆಯ ತುದಿ ಹೆಚ್ಚಾಗಿ ಮಡಿಸಿ ಅದರ ಕೆಳಮೈ ಅಂಗುಳವನ್ನು ಮುಟ್ಟುತ್ತದೆ, ಹಿಂದಿಯಲ್ಲಿ ಅಷ್ಟು ಮಡಿಸುವುದಿಲ್ಲ, ಎಂಬುದೇ ಅದರ ಸಾರ. ಪ್ರಾತಿಶಾಖ್ಯಕಾರನ ಪ್ರತಿವೇಷ್ಟನಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಎಕ್ಸ್-ಕಿರಣಗಳು ಶರೀರಕ್ಕೆ ಹಿತವಲ್ಲವಾದುದರಿಂದ ಈಗ ಎರಡು ಬೇರೆ ಉಪಾಯಗಳು ರೂಢಿಗೆ ಬಂದಿವೆ. ಒಂದು ಅಲ್ಟ್ರಾಸೌಂಡ್: ಗಲ್ಲದ ಕೆಳಗೆ ಇಟ್ಟ ಉಪಕರಣ ಕಿವಿಗೆ ಕೇಳದ ಧ್ವನಿಯನ್ನು ಮೇಲಕ್ಕೆ ಕಳುಹಿಸಿ, ಹಿಂದಿರುಗಿದ ಪ್ರತಿಧ್ವನಿಯಿಂದ ನಾಲಗೆಯ ಮೇಲ್ಮೈಯನ್ನು ಗೆರೆಯಾಗಿ ಚಿತ್ರಿಸುತ್ತದೆ. ಇನ್ನೊಂದು ವಿದ್ಯುತ್ಕಾಂತೀಯ ಆರ್ಟಿಕ್ಯುಲೋಗ್ರಾಫ್. ಇದರಲ್ಲಿ ಅಕ್ಕಿಯ ಕಾಳಿನಷ್ಟು ಸಣ್ಣ ತಂತಿಸುರುಳಿಗಳನ್ನು ನಾಲಗೆಯ ತುದಿ, ನಡು, ಹಿಂಭಾಗಗಳ ಮೇಲೂ ತುಟಿ ದವಡೆಗಳ ಮೇಲೂ ಅಂಟಿಸುತ್ತಾರೆ. ತಲೆಯ ಸುತ್ತ ಇರುವ ಪ್ರೇಷಕಗಳು ಬೇರೆಬೇರೆ ಆವರ್ತನಗಳಲ್ಲಿ ಬದಲಾಗುವ ಕಾಂತಕ್ಷೇತ್ರಗಳನ್ನು ಉಂಟುಮಾಡುತ್ತವೆ. ಸುರುಳಿಯಲ್ಲಿ ಪ್ರೇರಿತವಾದ ವಿದ್ಯುತ್ತಿನ ಬಲದಿಂದ ಅದು ಪ್ರತಿಯೊಂದು ಪ್ರೇಷಕದಿಂದ ಎಷ್ಟು ದೂರದಲ್ಲಿದೆಯೆಂದು ತಿಳಿದು ಅದರ ಸ್ಥಾನವನ್ನು ಗೊತ್ತುಮಾಡುತ್ತಾರೆ. ತುಟಿ ಮುಚ್ಚಿದ್ದರೂ ಕಾಂತಕ್ಷೇತ್ರಕ್ಕೆ ಅಡ್ಡಿಯಿಲ್ಲ. ಮುಖದ ಚಲನಗ್ರಹಣಕ್ಕೂ ನಾಲಗೆಯ ಚಲನಗ್ರಹಣಕ್ಕೂ ತತ್ತ್ವ ಒಂದೇ: ಚಲಿಸುವ ಅಂಗದ ಮೇಲೆ ಒಂದು ಗುರುತನ್ನಿಟ್ಟು, ಆ ಗುರುತಿನ ದಾರಿಯನ್ನು ಕಾಲದೊಡನೆ ಬರೆದುಕೊಳ್ಳುವುದು.

ಕನ್ನಡದ ಭಾಗ್ಯದಿಂದ ಹತ್ತಿ, ಹಟ್ಟಿಗಳಲ್ಲಿ ಬರುವ ದ್ವಿತ್ವಗಳೇ ಈ ವಿಧಾನಗಳಿಂದ ಶೋಧಿತವಾಗಿವೆ. ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸೆಯ್ ಕೊಚೆಟೊವ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶ್ರೀದೇವಿ ಮೊದಲಾದ ಸಹಲೇಖಕರು ಕನ್ನಡದ ದಂತ್ಯ ಮೂರ್ಧನ್ಯ ದ್ವಿತ್ವಗಳನ್ನು ಅಲ್ಟ್ರಾಸೌಂಡಿನಿಂದಲೂ ಆರ್ಟಿಕ್ಯುಲೋಗ್ರಾಫಿನಿಂದಲೂ ಅಳೆದು ೨೦೧೪ರಲ್ಲಿ ಪ್ರಕಟಿಸಿದರು. ಟ್ಟಕಾರದಲ್ಲಿ ನಾಲಗೆಯ ತುದಿ ಮೇಲಕ್ಕೆದ್ದು ಹಿಂದಕ್ಕೆ ಮಡಿಸುತ್ತದೆ. ಅಷ್ಟೇ ಅಲ್ಲ, ಅಂಗುಳವನ್ನು ಮುಟ್ಟಿದ ಮೇಲೆ ಅದು ಅಲ್ಲಿಯೇ ನಿಲ್ಲದೆ ಮುಂದಕ್ಕೆ ಸರಿಯುತ್ತದೆ, ಬಿಡುವಾಗ ಮುಂದಕ್ಕೆ ಚಿಮ್ಮುತ್ತದೆ. ತ್ತಕಾರದಲ್ಲಿ ಇಂಥ ಮಡಿಕೆ, ಚಿಮ್ಮು ಇಲ್ಲ. ಸ್ಥಾನವನ್ನು ಒಂದು ಬಿಂದುವೆಂದು ತಿಳಿದು ಟವರ್ಗವನ್ನು ಮೂರ್ಧದಲ್ಲಿ ನಿಲ್ಲಿಸಿದ ನಮ್ಮ ಪಾಠಕ್ಕೆ ಇದೊಂದು ತಿದ್ದುಪಡಿ: ಮೂರ್ಧನ್ಯವು ಒಂದು ಬಿಂದುವಲ್ಲ, ಹಿಂದಿನಿಂದ ಮುಂದಕ್ಕೆ ಬರುವ ಒಂದು ದಾರಿ.

೬

ಇಷ್ಟನ್ನು ತಿಳಿದುಕೊಂಡು ರಾಯಚೂರು ಸೀಮೆಗೆ ಬರೋಣ. ೧೯೪೮ರವರೆಗೆ ನಿಜಾಮರ ಆಡಳಿತದಲ್ಲಿಯೂ ೧೯೫೬ರವರೆಗೆ ಹೈದರಾಬಾದು ಸಂಸ್ಥಾನದಲ್ಲಿಯೂ ಇದ್ದ ಈ ನಾಡಿನಲ್ಲಿ ಕನ್ನಡದ ಪಕ್ಕದಲ್ಲಿ ಉರ್ದು, ತೆಲುಗು, ಲಂಬಾಣಿ ಭಾಷೆಗಳು ಬಹುಕಾಲದಿಂದ ಇವೆ. ತುಂಗಭದ್ರಾ ಎಡದಂಡೆಯ ಕಾಲುವೆ ಬಂದು ಸಿಂಧನೂರು ಬತ್ತದ ನಾಡಾದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪುಗಳಲ್ಲಿ ನೆಲಸಿದರು. ಪೂರ್ವ ಪಾಕಿಸ್ತಾನವನ್ನು ಬಿಟ್ಟುಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ಇದೇ ತಾಲ್ಲೂಕಿನಲ್ಲಿ ಉಂಟು. ಒಂದೇ ಶಾಲೆಯ ಒಂದೇ ಬೆಂಚಿನ ಮೇಲೆ ಮೂರು ನಾಲ್ಕು ಮನೆಮಾತುಗಳ ಮಕ್ಕಳು ಕನ್ನಡವನ್ನು ಓದಬಹುದಾದ ಊರು ಇದು. ಮುಖಚಲನೆಯ ಶೋಧಕನಿಗೆ ಇದಕ್ಕಿಂತ ತಕ್ಕ ಕ್ಷೇತ್ರ ಸುಲಭವಾಗಿ ದೊರೆಯದು. ಇಲ್ಲಿ ಕೇಳಬೇಕಾದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಎತ್ತಿಕೊಳ್ಳುತ್ತೇವೆ.

ಮೊದಲನೆಯದು ಬ್ಯಾಡ ಎಂಬ ರೂಪ. ಬೇಡ, ಪೇಟೆ, ಮೇಲೆ ಎಂಬುವು ಬ್ಯಾಡ, ಪ್ಯಾಟಿ, ಮ್ಯಾಲ ಎಂದಾಗುತ್ತವೆ. ಬರೆಯುವಾಗ ಯಕಾರದ ಒತ್ತನ್ನೂ ಆಕಾರವನ್ನೂ ಹಾಕುತ್ತೇವೆ. ಆದರೆ ನಾಲಗೆ ಅಲ್ಲಿ ಯಕಾರವನ್ನು ಮಾಡುತ್ತದೆಯೇ? ಅಥವಾ ಏಕಾರಕ್ಕಿಂತ ಹೆಚ್ಚು ತೆರೆದ ಒಂದೇ ಸ್ವರವನ್ನು, ಅದಕ್ಕೆ ಲಿಪಿಯಲ್ಲಿ ಚಿಹ್ನೆಯಿಲ್ಲವಾದುದರಿಂದ, ನಾವು ಹಾಗೆ ಬರೆಯುತ್ತೇವೆಯೇ? ಕಿವಿ ಎರಡನೆಯದನ್ನು ಸೂಚಿಸುತ್ತದೆ. ನಿರ್ಣಯವನ್ನು ಚಲನೆ ಕೊಡಬಲ್ಲದು. ಯಕಾರವಿದ್ದರೆ ನಾಲಗೆಯ ನಡು ಮೊದಲು ಅಂಗುಳದ ಕಡೆಗೆ ಎದ್ದು ಆಮೇಲೆ ಇಳಿಯಬೇಕು. ಎರಡು ಗುರಿಗಳು ಕಾಣಬೇಕು. ಒಂದೇ ಸ್ವರವಾದರೆ ಬಕಾರಕ್ಕಾಗಿ ತುಟಿ ಮುಚ್ಚಿರುವಾಗಲೇ ನಾಲಗೆ ಕೆಳಗಣ ತನ್ನ ಎಡೆಯನ್ನು ಸೇರಿ ಅಲ್ಲಿಯೇ ನಿಂತಿರಬೇಕು. ಮುಖದ ಮೇಲಿನ ಗುರುತು ದವಡೆ ಎಷ್ಟು ಇಳಿಯಿತೆಂದು ಹೇಳುತ್ತದೆ. ನಾಲಗೆಯ ಮೇಲಿನ ಗುರುತು ಹೇಗೆ ಇಳಿಯಿತೆಂದು ಹೇಳುತ್ತದೆ. ಎರಡೂ ಬೇಕು. ಹೋದ ಎಂಬುದು ಹ್ವಾದ ಎಂದಾಗುವಲ್ಲಿ ತುಟಿಗಳು ಮೊದಲು ದುಂಡಾಗಿ ಆಮೇಲೆ ತೆರೆಯುವುವೋ ಇಲ್ಲವೋ ಎಂಬುದನ್ನು ತಿಳಿಯಲು ಮುಖದ ಗುರುತುಗಳೇ ಸಾಕು.

ಇದು ಕೇವಲ ಕುತೂಹಲದ ವಿಷಯವಲ್ಲ. ಬ್ಯಾಂಕು, ಬ್ಯಾಟು ಎಂದು ಇಂಗ್ಲಿಷಿನಿಂದ ಬಂದ ಮಾತುಗಳನ್ನು ನಾವೆಲ್ಲರೂ ಇದೇ ಯಕಾರದ ಒತ್ತಿನಿಂದ ಬರೆಯುತ್ತೇವೆ. ಅವುಗಳ ಸ್ವರವನ್ನು ಯಾವ ಅಧ್ಯಾಪಕನೂ ಅಶುದ್ಧವೆನ್ನುವುದಿಲ್ಲ. ಅದೇ ಸ್ವರವನ್ನು ಲಿಂಗಸುಗೂರಿನ ಮಗು ತನ್ನ ತಾಯಿಯಿಂದ ಕಲಿತು ಬ್ಯಾಡ ಎಂದರೆ ಅದು ಗ್ರಾಮ್ಯವಾಗುತ್ತದೆ. ಪರಭಾಷೆಗೆ ಕೊಟ್ಟ ಮರ್ಯಾದೆಯನ್ನು ಸ್ವಭಾಷೆಯ ಒಂದು ಸೀಮೆಗೆ ಕೊಡದಿರುವುದು ನ್ಯಾಯವಲ್ಲ. ಎರಡೂ ಒಂದೇ ಸ್ವರವೆಂದು ಅಳತೆ ತೋರಿಸಿದರೆ, ಕನ್ನಡದ ಸ್ವರಗಳ ಎಣಿಕೆಯನ್ನೇ ಮತ್ತೊಮ್ಮೆ ವಿಚಾರಿಸಬೇಕಾಗುತ್ತದೆ.

ಎರಡನೆಯದು ಬೆಲೆ, ಬೆಳೆಗಳ ಭೇದ. ಈ ಸೀಮೆಯಲ್ಲಿ ಪದಾಂತ್ಯದ ಎಕಾರ ಇಕಾರವಾಗುವುದರಿಂದ ಇವು ಬೆಲಿ, ಬೆಳಿ ಎಂದಾಗುತ್ತವೆ. ತೆಲುಗು ಮನೆಮಾತಿನ ಮಗುವಿಗೆ ಳಕಾರ ಪರಿಚಿತವಾದುದು. ಉರ್ದು ಬಂಗಾಳಿಗಳಲ್ಲಿ ಳಕಾರವೂ ಇಲ್ಲ, ಣಕಾರವೂ ಇ‍ಲ್ಲ. ಬಂಗಾಳಿಯ ಟಕಾರದಲ್ಲಿಯೂ ನಾಲಗೆ ಕನ್ನಡದಷ್ಟು ಹಿಂದಕ್ಕೆ ಮಡಿಸದೆ ಹಲ್ಲಿನ ಬುಡದ ಹಿಂದೆ ಮುಟ್ಟುವುದು ಸಾಮಾನ್ಯ. ಹಾಗಾದರೆ ಆ ಕ್ಯಾಂಪಿನ ಮಗು ಬೆಳೆ ಎಂದಾಗ ಅಧ್ಯಾಪಕನಿಗೆ ಬೆಲೆ ಎಂದು ಕೇಳಿಸಿದರೆ, ಮಗು ಭೇದವನ್ನೇ ಮಾಡಲಿಲ್ಲವೋ, ಅಥವಾ ಸ್ವಲ್ಪ ಮಡಿಸಿ ಮಾಡಿದ ಭೇದ ಕನ್ನಡದ ಕಿವಿಗೆ ಸಾಲದೆ ಹೋಯಿತೋ? ಎರಡಕ್ಕೂ ಬೇಕಾದ ಪಾಠ ಬೇರೆಬೇರೆ. ಮೊದಲನೆಯ ಮಗುವಿಗೆ ಭೇದವಿದೆಯೆಂದೇ ತಿಳಿಸಬೇಕು. ಎರಡನೆಯದಕ್ಕೆ ನಾಲಗೆಯನ್ನು ಇನ್ನಷ್ಟು ಹಿಂದಕ್ಕೆ ತೆಗೆದುಕೊಳ್ಳಲು ಹೇಳಿಕೊಟ್ಟರೆ ಸಾಕು. ಕಿವಿಯೊಂದನ್ನೇ ನಂಬಿದ ಅಧ್ಯಾಪಕನು ಇಬ್ಬರನ್ನೂ ಒಂದೇ ಎಂದು ತಿಳಿದು ಇಬ್ಬರಿಗೂ ಅನ್ಯಾಯ ಮಾಡುತ್ತಾನೆ.

ಮೂರನೆಯದು ಅಕಾರ. ಬಂಗಾಳಿಯ ಅಕಾರವನ್ನು ಉಚ್ಚರಿಸುವಾಗ ತುಟಿಗಳು ದುಂಡಾಗುತ್ತವೆ. ಕನ್ನಡದ ಅಕಾರದಲ್ಲಿ ತುಟಿಗಳಿಗೆ ಕೆಲಸವಿಲ್ಲ. ಇದು ಪೂರ್ಣವಾಗಿ ಮುಖದಲ್ಲಿ ತೋರುವ ಭೇದ. ಬಾಯಿಯ ಎರಡು ಕೊನೆಗಳ ನಡುವಣ ದೂರವನ್ನು ಅಳೆದರೆ, ಎರಡು ಭಾಷೆಗಳನ್ನೂ ಆಡುವ ಮಗು ಮನೆಗೊಂದು ಅಕಾರವನ್ನೂ ಶಾಲೆಗೊಂದು ಅಕಾರವನ್ನೂ ಇಟ್ಟುಕೊಂಡಿದೆಯೋ, ಒಂದರಿಂದಲೇ ಎರಡನ್ನೂ ನಡೆಸುತ್ತದೆಯೋ ತಿಳಿಯುತ್ತದೆ. ಇದಕ್ಕೆ ನಾಲಗೆಯ ಮೇಲೆ ಏನನ್ನೂ ಅಂಟಿಸಬೇಕಾಗಿಲ್ಲ; ಗುರುತುಗಳಿಲ್ಲದೆ ಮುಖದ ರೇಖೆಗಳನ್ನೇ ಹಿಂಬಾಲಿಸಬಲ್ಲ ಗಣಕದ ಕ್ರಮ ಈಗ ಇರುವುದರಿಂದ ಒಂದು ಒಳ್ಳೆಯ ಕ್ಯಾಮರಾದಿಂದಲೇ ಆರಂಭಿಸಬಹುದು.

ಇಂಥ ಶೋಧನೆಯಲ್ಲಿ ಮಾತುಗಳನ್ನು ಪಡೆಯುವ ಬಗೆಯೂ ಮುಖ್ಯವಾದುದು. ಬರೆದ ಪಟ್ಟಿಯನ್ನು ಓದಿಸಿದರೆ ಮಗು ಗ್ರಂಥದ ಉಚ್ಚಾರಣೆಯನ್ನು ಒಪ್ಪಿಸುತ್ತದೆ. ಹತ್ತಿಯ ಕಾಯನ್ನೋ, ಬತ್ತದ ಗದ್ದೆಯನ್ನೋ ಚಿತ್ರವಾಗಿ ತೋರಿಸಿ ಕೇಳಿದರೆ ಮನೆಯ ಮಾತು ಬರುತ್ತದೆ. ಎರಡನ್ನೂ ಪಡೆದು ಹೋಲಿಸುವುದು ಉತ್ತಮ. ಪ್ರತಿಯೊಂದು ಮಾತನ್ನೂ ಒಂದೇ ವಾಕ್ಯದ ನಡುವೆ ಇಟ್ಟು ಹಲವು ಸಲ ಆಡಿಸಬೇಕು. ಏಕೆಂದರೆ ಒಬ್ಬನೇ ಮನುಷ್ಯನು ಒಂದೇ ಮಾತನ್ನು ಎರಡು ಸಲ ಒಂದೇ ರೀತಿಯಾಗಿ ಆಡುವುದಿಲ್ಲ. ನಾಲಗೆಯ ಮೇಲೆ ಸುರುಳಿಯಿದ್ದಾಗ ಮೊದಮೊದಲು ಮಾತು ತೊಡಕುವುದರಿಂದ ಅಭ್ಯಾಸಕ್ಕೆ ಸ್ವಲ್ಪ ಕಾಲ ಕೊಡಬೇಕು. ಮಕ್ಕಳ ಮಾತನ್ನು ಅಳೆಯುವಲ್ಲಿ ತಂದೆತಾಯಿಗಳ ಒಪ್ಪಿಗೆ ಇರಬೇಕೆಂಬುದನ್ನೂ, ಮುಖದ ಚಿತ್ರ ವ್ಯಕ್ತಿಯ ಗುರುತೇ ಆದುದರಿಂದ ಅದನ್ನು ಗೋಪ್ಯವಾಗಿ ಕಾಪಾಡಬೇಕೆಂಬುದನ್ನೂ ಬೇರೆ ಹೇಳಬೇಕಾಗಿಲ್ಲ.

೭

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಇದೆ. ೧೯೧೫ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರನು ಚಿನ್ನವನ್ನು ಹುಡುಕುತ್ತ ಇಲ್ಲಿಗೆ ಬಂದು ಬಂಡೆಯೊಂದರ ಮೇಲೆ ಬರಹವನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ದೇವಾನಾಂಪ್ರಿಯನೆಂಬ ಬಿರುದಿನಿಂದಲೇ ತಿಳಿದಿದ್ದ ಚಕ್ರವರ್ತಿಯ ಶಾಸನಗಳಲ್ಲಿ ಅಶೋಕನೆಂಬ ಹೆಸರು ಮೊತ್ತಮೊದಲು ಸಿಕ್ಕಿದುದು ಇಲ್ಲಿಯೇ. ಆದರೆ ಆ ಬಂಡೆಯ ಮೇಲೆ ಹೆಸರು ಇರುವುದು ಶಕಾರದಿಂದಲ್ಲ. ಅಸೋಕ ಎಂದು ಸಕಾರದಿಂದ. ಅದು ಪ್ರಾಕೃತ, ಆ ಪ್ರಾಕೃತದಲ್ಲಿ ಶ, ಷ, ಸಗಳ ಬದಲಿಗೆ ಸಕಾರವೊಂದೇ.

ಆ ಬಂಡೆಯ ಸುತ್ತಣ ಹಳ್ಳಿಗಳ ಮಕ್ಕಳು ಇಂದು ಶಾಲೆಯನ್ನು ಸಾಲಿ ಎನ್ನುತ್ತಾರೆ. ಇವೆರಡಕ್ಕೂ ನೇರವಾದ ಸಂಬಂಧವಿದೆಯೆಂದು ನಾವು ಹೇಳುವುದಿಲ್ಲ. ಎರಡು ಸಾವಿರದ ಇನ್ನೂರು ವರ್ಷಗಳ ಅಂತರವನ್ನು ಹಾಗೆ ಹಾರಿಬಿಡಕೂಡದು. ಆದರೆ ಕಲಶವು ಕಳಸವಾದುದನ್ನೂ ಆಕಾಶವು ಆಗಸವಾದುದನ್ನೂ ತದ್ಭವವೆಂದು ವ್ಯಾಕರಣದಲ್ಲಿ ಪಾಠ ಹೇಳುವ ನಾವು, ಅದೇ ನಿಯಮದಿಂದ ಬಂದ ಸಾಲಿಯನ್ನು ದೋಷವೆಂದು ಕೆಂಪು ಮಸಿಯಿಂದ ಗುರುತಿಸುತ್ತೇವೆ. ಚಕ್ರವರ್ತಿಯ ಹೆಸರನ್ನೇ ಸಕಾರದಿಂದ ಕೊರೆದ ಊರಿನಲ್ಲಿ ಈ ತೀರ್ಪನ್ನು ಸ್ವಲ್ಪ ಮೆತ್ತಗೆ ಕೊಡುವುದು ಲೇಸು. ಶಕಾರ ಸಕಾರಗಳನ್ನು ಉಚ್ಚರಿಸುವಾಗ ಇಂಗ್ಲಿಷಿನವರು ಶಕಾರಕ್ಕೆ ತುಟಿಯನ್ನು ಮುಂದಕ್ಕೆ ಚಾಚುತ್ತಾರೆ. ಕನ್ನಡದವರೂ ಹಾಗೆ ಮಾಡುವರೇ, ರಾಯಚೂರಿನ ಮಗು ಶಾಲೆ ಎಂದು ಪ್ರಯತ್ನಪಟ್ಟು ಹೇಳಿದಾಗ ಬದಲಾಗುವುದು ತುಟಿಯೋ ನಾಲಗೆಯೋ ಎರಡೂ ಉಂಟೋ, ಇವೂ ಚಲನಗ್ರಹಣಕ್ಕೆ ಸುಲಭವಾದ ಪ್ರಶ್ನೆಗಳೇ.

ಬಂಡೆಯ ಮೇಲಣ ಅಕ್ಷರ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಅಕ್ಷರ ಧ್ವನಿಯ ಹೆಸರನ್ನು ಉಳಿಸುತ್ತದೆ, ಚಲನೆಯನ್ನು ಉಳಿಸುವುದಿಲ್ಲ. ಹಳಗನ್ನಡದ ೞಕಾರವೇ ಇದಕ್ಕೆ ಸಾಕ್ಷಿ. ಕೇಶಿರಾಜನು ಅದನ್ನು ಳಕಾರದಿಂದ ಬೇರ್ಪಡಿಸಿ, ಅದು ಬರುವ ಶಬ್ದಗಳನ್ನು ಶ್ರಮಪಟ್ಟು ಪಟ್ಟಿಮಾಡಿದನು. ಆದರೂ ಅದನ್ನು ಆಡುತ್ತಿದ್ದ ನಾಲಗೆಗಳು ಹೋದ ಮೇಲೆ ಅದರ ಉಚ್ಚಾರಣೆ ನಮಗೆ ಊಹೆಯ ವಿಷಯವಾಗಿದೆ. ಅದಕ್ಕೆ ಸೋದರವಾದ ವರ್ಣ ತಮಿಳಿನಲ್ಲಿ ಇನ್ನೂ ಬದುಕಿದೆ. ನಾರಾಯಣನ್, ಬರ್ಡ್, ಕೌನ್ ಎಂಬ ವಿದ್ವಾಂಸರು ತಮಿಳಿನ ರ ಲ ವರ್ಗದ ಧ್ವನಿಗಳನ್ನು ಕಾಂತಾನುರಣನ ಚಿತ್ರಗಳಿಂದಲೂ ನಾಲಗೆಯ ಚಲನಗ್ರಹಣದಿಂದಲೂ ಅಳೆದು ೧೯೯೯ರಲ್ಲಿ ವಿವರಿಸಿದ್ದಾರೆ. ಆ ಅಳತೆ ಕನ್ನಡದ ೞಕಾರವನ್ನು ಹಿಂದಕ್ಕೆ ತರಲಾರದು. ಆದರೆ ಸುಮ್ಮನೆ ಊಹಿಸುವುದಕ್ಕಿಂತ ಆಧಾರವಿಟ್ಟು ಊಹಿಸಲು ಸಹಾಯಮಾಡುತ್ತದೆ. ಹಳಗನ್ನಡ ಕಾವ್ಯವನ್ನು ತರಗತಿಯಲ್ಲಿ ಓದಿಸುವವರಿಗೆ ಇದು ಅಲ್ಪ ಲಾಭವಲ್ಲ.

೮

ಮೇಲಿನ ವಿವೇಚನೆಯಿಂದ ಫಲಿಸುವುದು ಇಷ್ಟು. ಮುಖ ಮಾತಿನ ಬಹುಭಾಗವನ್ನು ಹೊರಗೆ ತೋರಿಸುತ್ತದೆ. ಸ್ವರಗಳ ತೆರೆವು, ತುಟಿಯ ದುಂಡುತನ ಇವು ಅಲ್ಲಿ ಅಳತೆಗೆ ಸಿಕ್ಕುತ್ತವೆ. ಆದರೆ ಕನ್ನಡಕ್ಕೆ ವಿಶೇಷವಾದ ಮೂರ್ಧನ್ಯಭೇದಗಳನ್ನು ಮುಖ ಮರೆಮಾಡುತ್ತದೆ. ಆದುದರಿಂದ ಮುಖದ ಚಲನಗ್ರಹಣವನ್ನು ನಾಲಗೆಯ ಚಲನಗ್ರಹಣದೊಡನೆ ಕೂಡಿಸಿದಲ್ಲದೆ ಕನ್ನಡದ ಉಚ್ಚಾರಣೆಯ ಶಾಸ್ತ್ರ ಪೂರ್ಣವಾಗದು. ಎರಡನ್ನೂ ಮೈಸೂರು ಬೆಂಗಳೂರುಗಳ ಮಾತಿಗೆ ಮಾತ್ರ ಅನ್ವಯಿಸಿ ಅದನ್ನೇ ಕನ್ನಡವೆಂದರೂ ಸಾಲದು. ಎರೆನಾಡಿನ ಹೊಲದಲ್ಲಿಯೂ ಸಿಂಧನೂರಿನ ಕ್ಯಾಂಪಿನಲ್ಲಿಯೂ ಆಡುವ ಕನ್ನಡವನ್ನು ಅದರ ನಾಲಗೆಯ ಮೇಲೆಯೇ ಅಳೆಯಬೇಕು.

ಯಂತ್ರ ಸಿಕ್ಕುವವರೆಗೆ ಅಧ್ಯಾಪಕರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಒಂದು ಕನ್ನಡಿ ಎಲ್ಲ ಶಾಲೆಯಲ್ಲಿಯೂ ದೊರೆಯುತ್ತದೆ. ಮಗುವನ್ನು ಅದರ ಮುಂದೆ ನಿಲ್ಲಿಸಿ ಬೇಡ, ಬ್ಯಾಡ ಎಂದು ಎರಡನ್ನೂ ಹೇಳಿಸಿ, ದವಡೆ ಎಲ್ಲಿ ಇಳಿಯಿತೆಂದು ಅದಕ್ಕೇ ತೋರಿಸಬಹುದು. ಎರಡೂ ಬಾಯಿಗೆ ಬರುವ ಕ್ರಿಯೆಗಳೇ, ಒಂದು ಮನೆಗೆ, ಒಂದು ಪುಸ್ತಕಕ್ಕೆ ಎಂದು ತಿಳಿದ ಮಗು ಪುಸ್ತಕದ ರೂಪವನ್ನು ಬೇಗ ಕಲಿಯುತ್ತದೆ. ಮನೆಯ ರೂಪಕ್ಕಾಗಿ ನಾಚುವುದೂ ಇಲ್ಲ. ಆಮೇಲೆ ಹತ್ತಿ, ಹಟ್ಟಿ ಎಂದು ಹೇಳಿಸಿದರೆ ಕನ್ನಡಿಯಲ್ಲಿ ಭೇದವೇನೂ ಕಾಣುವುದಿಲ್ಲ. ಏಕೆ ಕಾಣುವುದಿಲ್ಲವೆಂದು ಮಗು ಕೇಳಿದರೆ, ಉಚ್ಚಾರಣೆಯ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.